ಹೆಸರಿನ ಬಾಡಿಗೆ, ಪಾಠದ ಹೊಣೆ

(ಬಾನುಲಿ ಭಾಷಣ)

ಹೋದ ಶ್ರಾವಣದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಯಾದಗಿರಿಯ ನಮ್ಮ ಮನೆಗೆ ಬಂದನು. ಶಹಾಪುರ ತಾಲೂಕಿನ ಹಳ್ಳಿಯವನು. ಕಾಲೇಜಿನಲ್ಲಿ ನನ್ನ ಬಳಿ ಕನ್ನಡ ಓದಿದವನು. ಹಾರ್ಮೋನಿಯಂ ಮುಂದಿಟ್ಟುಕೊಂಡು ವಚನ, ದಾಸರ ಪದಗಳನ್ನು ಹದವಾಗಿ ಹಾಡಬಲ್ಲವನು. ಅವನ ಚೀಲದಲ್ಲಿ ನಲವತ್ತು ಪುಟಗಳ ಕರಾರುಪತ್ರವೊಂದಿತ್ತು. ಅದನ್ನು ನನ್ನ ಮುಂದೆ ಇಟ್ಟು, "ಸರ್, ಇದೊಂದು ಓದಿ ನೋಡ್ರಿ. ದೊಡ್ಡ ಕಂಪನಿ ಅದ. ನಮ್ಮ ಕಡಿ ಸಂಗೀತ ಕ್ಲಾಸಿನ ಫ್ರಾಂಚೈಸಿ ಕೊಡ್ತಾರಂತ. ಅಪ್ಪನ ಹೆಸರಿಲೆ ಇರೋ ಎರಡು ಎಕರೆ ಮಾರಿದ್ರ ರೊಕ್ಕ ಆಗ್ತದ" ಎಂದನು.

ಜೀವಮಾನವೆಲ್ಲ ಕನ್ನಡ ಕಲಿಸಿ ನಿವೃತ್ತನಾದ ನನಗೆ ವ್ಯಾಪಾರದ ಕರಾರು ಏನು ತಿಳಿದೀತು? ಆದರೆ ಎರಡು ಎಕರೆ ನೆಲದ ಮಾತು ಬಂದ ಕೂಡಲೆ ಸುಮ್ಮನಿರಲಾಗಲಿಲ್ಲ. ಕನ್ನಡಕ ಏರಿಸಿಕೊಂಡು ಎರಡು ದಿನ ಕುಳಿತು ಓದಿದೆ. ತಿಳಿಯದೆಡೆಯಲ್ಲಿ ವಕೀಲ ಮಿತ್ರರೊಬ್ಬರನ್ನು ಕೇಳಿದೆ. ಹಾಗೆ ತಿಳಿದುಕೊಂಡುದನ್ನೇ ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ. ಇಂಥ ಪತ್ರವನ್ನು ಕೈಯಲ್ಲಿ ಹಿಡಿದು ಯೋಚಿಸುತ್ತಿರುವ ತರುಣ ತರುಣಿಯರು ನಮ್ಮ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಇನ್ನೂ ಕೆಲವರು ಇರಬಹುದು.

ಮೊದಲು ಶಬ್ದವನ್ನು ನೋಡೋಣ. ಮೇಷ್ಟರ ಚಟ, ಕ್ಷಮಿಸಬೇಕು. 'ಫ್ರಾಂಚೈಸಿ' ಎಂಬುದರ ಮೂಲ ಹಳೆಯ ಫ್ರೆಂಚ್ ಭಾಷೆಯಲ್ಲಿದೆ. ಅಲ್ಲಿ ಅದರ ಅರ್ಥ ಸ್ವಾತಂತ್ರ್ಯ, ವಿನಾಯಿತಿ. ದೊರೆಯು ಯಾರಿಗಾದರೂ ಒಂದು ವಿಶೇಷ ಹಕ್ಕನ್ನು ಕೊಟ್ಟರೆ ಅದು ಫ್ರಾಂಚೈಸಿ. ನಿಜಾಮರ ಕಾಲವನ್ನು ಕಂಡ ನಮ್ಮ ಹಿರಿಯರು ಅದನ್ನು 'ಸನ್ನದು' ಎನ್ನುತ್ತಿದ್ದರು. ಇಂದಿನ ವ್ಯಾಪಾರದಲ್ಲಿ ಅದರ ಅರ್ಥ ಬೇರೆಯಾಗಿದೆ. ಒಂದು ಸಂಸ್ಥೆಗೆ ಹೆಸರಿದೆ, ಕೆಲಸದ ಒಂದು ಕ್ರಮವಿದೆ. ಆ ಹೆಸರನ್ನೂ ಕ್ರಮವನ್ನೂ ಬಳಸಿಕೊಳ್ಳುವ ಹಕ್ಕನ್ನು ಅದು ದೂರದ ಊರಿನವನೊಬ್ಬನಿಗೆ ಕೊಡುತ್ತದೆ. ಅವನು ಅದಕ್ಕೆ ಮೊದಲೊಂದು ಮೊತ್ತ ಕಟ್ಟುತ್ತಾನೆ. ಆಮೇಲೆ ಬಂದ ಶುಲ್ಕದಲ್ಲಿ ತಿಂಗಳು ತಿಂಗಳೂ ಪಾಲು ಕೊಡುತ್ತಾನೆ. ಆ ಪಾಲಿಗೆ ರಾಯಲ್ಟಿ ಎಂದು ಹೆಸರು. ಅಂಗಡಿ ಇವನದು, ಬಾಡಿಗೆ ಇವನದು, ಸಂಬಳ ಕೊಡುವ ಹೊಣೆ ಇವನದು, ನಷ್ಟವೂ ಇವನದೇ. ಬಾಗಿಲ ಮೇಲಿನ ಹೆಸರು ಮಾತ್ರ ಅವರದು.

ನಮಗೆ ಇದು ತೀರ ಅಪರಿಚಿತವಾದ ವ್ಯವಸ್ಥೆಯೇನೂ ಅಲ್ಲ. ನಮ್ಮ ಭಾಗದಲ್ಲಿ 'ಗುತ್ತೇದಾರ' ಎಂಬ ಅಡ್ಡಹೆಸರಿನ ಮನೆತನಗಳಿವೆಯಷ್ಟೆ. ಸರಕಾರಕ್ಕೆ ಮೊದಲೇ ಹಣ ಕಟ್ಟಿ, ಆಮೇಲೆ ಊರಿನಲ್ಲಿ ಮಾರಾಟ ಮಾಡಿ ದುಡಿದುಕೊಳ್ಳುವವನು ಗುತ್ತೇದಾರ. ಇನ್ನೊಂದು ಕಡೆ ಶಾಖಾಮಠಗಳಿವೆ. ಮೂಲಮಠದಿಂದ ಪರಂಪರೆಯ ಹೆಸರು ಬರುತ್ತದೆ. ದಾಸೋಹದ ಜೋಳ ಬರುವುದು ಊರಿನ ಭಕ್ತರ ಕಣದಿಂದ. ಸಂಗೀತ ಶಾಲೆಯ ಫ್ರಾಂಚೈಸಿ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಹಣದ ಕಟ್ಟಳೆ ಗುತ್ತಿಗೆಯದು. ಆಡುವ ಮಾತು ಮಠದ್ದು. ಗೊಂದಲ ಹುಟ್ಟುವುದೇ ಇಲ್ಲಿ.

ಸಂಗೀತವನ್ನು ಹೀಗೆ ಊರೂರಿಗೆ ಶಾಖೆ ಮಾಡಿ ಒಯ್ಯಲು ಸಾಧ್ಯವಾದುದು ಹೇಗೆ? ಒಂದು ಕಾಲಕ್ಕೆ ಅದು ಅಸಾಧ್ಯವೆಂದೇ ಎಲ್ಲರೂ ತಿಳಿದಿದ್ದರು. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇದ್ದು, ನೀರು ಹೊತ್ತು, ಸೇವೆ ಮಾಡಿ, ಅವರು ಮನಸ್ಸು ಬಂದಾಗ ಹೇಳಿಕೊಟ್ಟುದನ್ನು ಶಿಷ್ಯನು ಕಂಠಗತ ಮಾಡಿಕೊಳ್ಳಬೇಕಿತ್ತು. ಅದಕ್ಕೆ ವೇಳಾಪಟ್ಟಿ ಇರಲಿಲ್ಲ, ಪುಸ್ತಕವಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಈ ಕಟ್ಟನ್ನು ಸಡಿಲಿಸಿದವರಲ್ಲಿ ಅಗ್ರಗಣ್ಯರು ಪಂಡಿತ ವಿಷ್ಣು ದಿಗಂಬರ ಪಲುಸ್ಕರರು. 1872ರಲ್ಲಿ ನಮ್ಮ ಗಡಿಯಾಚೆಯ ಕುರುಂದವಾಡದಲ್ಲಿ ಹುಟ್ಟಿದ ಅವರು, ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿನ ದೃಷ್ಟಿಗೆ ಪೆಟ್ಟು ಮಾಡಿಕೊಂಡರು. ಮೀರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರಲ್ಲಿ ಕಲಿತು, 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಹಾಡನ್ನು ಸ್ವರಲಿಪಿಯಲ್ಲಿ ಬರೆದರು, ಪಠ್ಯಪುಸ್ತಕ ಅಚ್ಚು ಹಾಕಿಸಿದರು. ತರಗತಿ, ಶುಲ್ಕ, ಪರೀಕ್ಷೆ, ಪ್ರಮಾಣಪತ್ರ ಎಲ್ಲವನ್ನೂ ಗೊತ್ತುಪಡಿಸಿದರು. ಬೇರೆ ಊರುಗಳಿಗೆ ಹೋಗಿ ಕಲಿಸಬಲ್ಲವರನ್ನು ತಯಾರಿಸಲೆಂದೇ 'ಉಪದೇಶಕ ವರ್ಗ'ವೊಂದನ್ನು ನಡೆಸಿದರು. ಅವರಿಗೆ ಶಿಕ್ಷಕ ಮೊದಲು, ಶಾಖೆ ಆಮೇಲೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

1908ರಲ್ಲಿ ಮುಂಬಯಿಯಲ್ಲಿ ವಿದ್ಯಾಲಯ ಆರಂಭವಾಯಿತು. ಅಲ್ಲಿ ಅವರು ದೊಡ್ಡ ಕಟ್ಟಡಕ್ಕೆ ಕೈಹಾಕಿದರು, ಅದಕ್ಕಾಗಿ ಸಾಲ ಮಾಡಿದರು. ಕಚೇರಿ ಮಾಡಿ ಗಳಿಸಿದ ಹಣವನ್ನೆಲ್ಲ ಸುರಿದರೂ ಸಾಲ ತೀರಲಿಲ್ಲ. 1920ರ ದಶಕದಲ್ಲಿ ಆ ಕಟ್ಟಡ ಹರಾಜಾಯಿತು. 1931ರಲ್ಲಿ ಪಂಡಿತರು ತೀರಿಕೊಂಡರು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅದೇ ವರ್ಷ ಶಿಷ್ಯರೆಲ್ಲ ಕೂಡಿ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿದರು. ವಿನಾಯಕರಾವ್ ಪಟವರ್ಧನರು 1932ರಲ್ಲಿ ಪುಣೆಯಲ್ಲಿ ವಿದ್ಯಾಲಯ ತೆರೆದರು. ಅವರವರ ಊರಿನ ಶಾಲೆ ಅವರವರದು. ಎಲ್ಲರನ್ನೂ ಒಂದುಗೂಡಿಸಿದ್ದು ಪಠ್ಯಕ್ರಮ ಮತ್ತು ಪರೀಕ್ಷೆ. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಎಂಬ ಆ ಮೆಟ್ಟಿಲುಗಳನ್ನು ಇಂದಿಗೂ ಸಾವಿರಾರು ಮಕ್ಕಳು ಹತ್ತುತ್ತಿದ್ದಾರೆ. ಹರಾಜಿಗೆ ಹೋದುದು ಕಟ್ಟಡ. ತಯಾರಾದ ಶಿಕ್ಷಕರನ್ನು ಯಾವ ಸಾಲಗಾರನೂ ಜಪ್ತಿ ಮಾಡಲಾಗಲಿಲ್ಲ.

ಹೊರದೇಶಗಳಲ್ಲಿಯೂ ಇದೇ ಬಗೆಯ ಪ್ರಯತ್ನಗಳು ನಡೆದಿವೆ. ಲಂಡನ್ನಿನ ಟ್ರಿನಿಟಿ ಕಾಲೇಜು 1877ರಿಂದಲೇ ಹೊರಗಿನ ವಿದ್ಯಾರ್ಥಿಗಳಿಗೆ ಸಂಗೀತದ ಪರೀಕ್ಷೆ ನಡೆಸತೊಡಗಿತು. ಅದು ಮಾಡುವುದು ಪರೀಕ್ಷೆ. ಪಾಠ ಯಾರದಾದರೂ ಆಗಿರಬಹುದು. ಜಪಾನಿನ ಯಮಾಹಾ ಕಂಪನಿಯದು ಬೇರೆ ದಾರಿ. ವಾದ್ಯ ತಯಾರಿಸುವ ಆ ಕಂಪನಿ 1954ರಲ್ಲಿ ಟೋಕಿಯೋದಲ್ಲಿ ಪ್ರಾಯೋಗಿಕವಾಗಿ ಮಕ್ಕಳ ಸಂಗೀತ ತರಗತಿಯನ್ನು ಆರಂಭಿಸಿ, ಮುಂದೆ ಅದನ್ನು ಹಲವು ದೇಶಗಳಿಗೆ ಹಬ್ಬಿಸಿತು. ನುಡಿಸಬಲ್ಲವರು ಹೆಚ್ಚಿದಷ್ಟೂ ವಾದ್ಯದ ಮಾರಾಟ ಹೆಚ್ಚುತ್ತದೆ ಎಂಬುದು ಯಾರಿಗೂ ಅರ್ಥವಾಗುವ ಲೆಕ್ಕ. ಅದರಲ್ಲಿ ತಪ್ಪೇನೂ ಇಲ್ಲ. ಪಾಠವನ್ನು ಹಂಚುವವನ ಲಾಭ ಎಲ್ಲಿದೆ ಎಂಬುದನ್ನು ಪಾಠಶಾಲೆ ತೆರೆಯುವವನು ಅರಿತಿರಬೇಕು, ಅಷ್ಟೆ.

ಇನ್ನು ನಮ್ಮ ಮನೆಯಂಗಳದ ಉದಾಹರಣೆ ಗದುಗಿನದು. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅವರು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದರು. ಕಡೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆನಿಂತರು. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅಲ್ಲಿ ಅನ್ನ, ವಸತಿ, ವಿದ್ಯೆ ದೊರೆಯಿತು, ಶುಲ್ಕವೆಂಬುದಿರಲಿಲ್ಲ. ಹಾಗಾದರೆ ಖರ್ಚು? ಭಕ್ತರ ಕಾಣಿಕೆ ಒಂದು. ಆಶ್ರಮದವರೇ ಕಟ್ಟಿದ ನಾಟಕ ಕಂಪನಿಯ ಗಳಿಕೆ ಇನ್ನೊಂದು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಕಣ್ಮರೆಯಾಗುವವರೆಗೂ ಅದನ್ನು ನಡೆಸಿದರು. ಬಸವರಾಜ ರಾಜಗುರು, ವೆಂಕಟೇಶಕುಮಾರ್ ಅಂಥವರು ಆ ಪರಂಪರೆಯಿಂದ ಬಂದವರೆಂದು ಎಲ್ಲರೂ ಬಲ್ಲರು. ನಾನು ಹೇಳಬೇಕೆಂದಿರುವುದು ಹೆಸರಾಗದೆ ಉಳಿದವರ ಮಾತು. ಅಲ್ಲಿ ಕಲಿತ ಎಷ್ಟೋ ಮಂದಿ ಉತ್ತರ ಕರ್ನಾಟಕದ ಸಣ್ಣ ಸಣ್ಣ ಊರುಗಳಿಗೆ ಹೋಗಿ, ಒಂದು ಕೋಣೆ ಹಿಡಿದು, ಹಾರ್ಮೋನಿಯಂ, ತಬಲ ಇಟ್ಟುಕೊಂಡು ಪಾಠ ಹೇಳಿದರು. ಬಾಗಿಲಿಗೆ ಗುರುವಿನ ಹೆಸರು ಕಟ್ಟಿದರು. ಅದಕ್ಕೆ ಕರಾರುಪತ್ರವಿರಲಿಲ್ಲ, ರಾಯಲ್ಟಿಯೂ ಇರಲಿಲ್ಲ.

ಹಾಗಾಗಿ ಸಂಗೀತ ಶಾಲೆಯೊಂದು ಹಿರಿದಾದ ಹೆಸರಿನೊಡನೆ ಸಂಬಂಧ ಇಟ್ಟುಕೊಳ್ಳಲು ಇಂದು ಮೂರು ದಾರಿಗಳಿವೆ. ಒಂದು, ಗುರುಪರಂಪರೆಯದು. ಎರಡು, ಪರೀಕ್ಷೆಯದು: ಮಂಡಲದ ಪರೀಕ್ಷೆಗಳಾಗಲಿ, ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಾಗಲಿ, ವಿದ್ಯಾರ್ಥಿ ಪರೀಕ್ಷೆಯ ಶುಲ್ಕ ಕಟ್ಟಿ ಕೂರುತ್ತಾನೆ, ಪಾಠಶಾಲೆ ಊರಿನ ಶಿಕ್ಷಕನದಾಗಿಯೇ ಉಳಿಯುತ್ತದೆ. ಮೂರನೆಯದು ಫ್ರಾಂಚೈಸಿ. ಮೂರನೆಯದೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಒಬ್ಬಂಟಿಯಾದ ಹೊಸಬನಿಗೆ ಸಿದ್ಧವಾದ ಪಠ್ಯ, ಶಿಕ್ಷಕರಿಗೆ ತರಬೇತಿ, ಲೆಕ್ಕ ಇಡುವ ಕ್ರಮ, ಜಾಹೀರಾತು ಇವೆಲ್ಲ ಒಟ್ಟಿಗೆ ದೊರೆಯುವುದು ಸಣ್ಣ ಮಾತಲ್ಲ. ಆದರೆ ಅದಕ್ಕೆ ತೆರುವ ಬೆಲೆ ಎಷ್ಟೆಂದು ಎಣಿಸಿ ನೋಡಬೇಕು. ನಾನೂ ನನ್ನ ವಿದ್ಯಾರ್ಥಿಯೂ ಕಾಗದ ಪೆನ್ಸಿಲು ಹಿಡಿದು ಎಣಿಸಿದೆವು. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ಅಂಕಿಗಳನ್ನು ನೀವು ಹಾಕಿಕೊಳ್ಳಿ.

ತಿಂಗಳಿಗೆ ಒಂದು ಮಗುವಿನ ಶುಲ್ಕ 600 ರೂಪಾಯಿ ಎನ್ನೋಣ. ಕೋಣೆಯ ಬಾಡಿಗೆ 8,000. ಸಂಜೆ ಹೊತ್ತು ಬಂದು ಕಲಿಸುವ ಇಬ್ಬರು ಶಿಕ್ಷಕರಿಗೆ ತಲಾ 9,000. ವಿದ್ಯುತ್ತು, ಕಸಗುಡಿಸುವವರು, ವಾದ್ಯದ ದುರಸ್ತಿ ಎಲ್ಲ ಸೇರಿ 2,000. ಒಟ್ಟು 28,000 ರೂಪಾಯಿ. ಸ್ವಂತ ಶಾಲೆಯಾದರೆ 47 ಮಕ್ಕಳು ಬಂದರೆ ಈ ಖರ್ಚು ಹೊರಡುತ್ತದೆ. ಅದಕ್ಕಿಂತ ಹೆಚ್ಚಿಗೆ ಬಂದ ಪ್ರತಿ ಮಗುವಿನ ಶುಲ್ಕವೂ ಮಾಲಿಕನ ಊಟಕ್ಕೆ.

ಈಗ ಫ್ರಾಂಚೈಸಿಯ ಲೆಕ್ಕ. ರಾಯಲ್ಟಿ ನೂರಕ್ಕೆ 20 ಎಂದಿಟ್ಟುಕೊಳ್ಳಿ. ಇದು ಲಾಭದ ಮೇಲಲ್ಲ, ಬಂದ ಶುಲ್ಕದ ಮೇಲೆ. ಈ ಒಂದು ಪದದ ವ್ಯತ್ಯಾಸವನ್ನು ಗಮನಿಸದೆ ಸಹಿ ಹಾಕುವವರುಂಟು. ನಷ್ಟವಾದ ತಿಂಗಳಲ್ಲಿಯೂ ಈ ಪಾಲು ಹೋಗಲೇಬೇಕು. 600ರಲ್ಲಿ 120 ಹೋಯಿತು. ಆ 120ರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 21 ರೂಪಾಯಿ 60 ಪೈಸೆ. ನಿಮ್ಮ ಸ್ವಂತ ವ್ಯವಹಾರ ವರ್ಷಕ್ಕೆ 20 ಲಕ್ಷದೊಳಗಿದ್ದರೆ ನೀವು ನೋಂದಣಿ ಮಾಡಿಸಬೇಕಿಲ್ಲ. ಆದರೆ ಕಂಪನಿಯ ಬಿಲ್ಲಿನಲ್ಲಿ ಬರುವ ತೆರಿಗೆಯನ್ನು ಕೊಡಲೇಬೇಕು. ಅಲ್ಲಿಗೆ ಒಂದು ಮಗುವಿನಿಂದ ಕೈಗೆ ಉಳಿಯುವುದು 458 ರೂಪಾಯಿ 40 ಪೈಸೆ. ಅದೇ 28,000 ಹೊರಡಲು 62 ಮಕ್ಕಳು ಬೇಕು. ಇನ್ನು ಮೊದಲೇ ಕಟ್ಟಿದ ಮೊತ್ತ. ಐದು ವರ್ಷದ ಕರಾರಿಗೆ ಮೂರು ಲಕ್ಷವೆನ್ನೋಣ. ತಿಂಗಳಿಗೆ 5,000 ಬಿತ್ತು. ಅದನ್ನೂ ಸೇರಿಸಿದರೆ 72 ಮಕ್ಕಳು. 47ಕ್ಕೂ 72ಕ್ಕೂ ನಡುವೆ ಇರುವುದು 25. ಎಂದರೆ, ಆ ಹೆಸರು ನಿಮ್ಮ ಬಾಗಿಲಿಗೆ ತಿಂಗಳು ತಪ್ಪದೆ, ಐದು ವರ್ಷಗಳ ಕಾಲ, ಹೆಚ್ಚಿಗೆ 25 ಮಕ್ಕಳನ್ನು ಕರೆತರಬೇಕು. ತಂದರೆ ಬಾಡಿಗೆ ನ್ಯಾಯವಾದುದು. ತಾರದಿದ್ದರೆ ಕೊರತೆ ತುಂಬುವುದು ಎರಡು ಎಕರೆ ಹೊಲ.

"ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ ಆ ಹೆಸರು ಮಕ್ಕಳನ್ನು ತರುತ್ತದೆ, ಸುರಪುರದಲ್ಲಿ ಆ ಹೆಸರನ್ನು ಕೇಳಿದವರು ಎಷ್ಟು ಜನ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಊರಾಗ ಮಂದಿ ಕೇಳೋದು ಒಂದ ಮಾತು ಸರ್: ಕಲಿಸೋರು ಯಾರು ಅಂತ" ಎಂದನು. ಅದೇ ಸರಿಯಾದ ಉತ್ತರವೆಂದು ನನಗೆ ತೋರಿತು.

ಲೆಕ್ಕದ ಇನ್ನೊಂದು ಮುಖ ಪಂಚಾಂಗದ್ದು. ಕರಾರುಪತ್ರ ಬರೆದವರ ಊರಿನಲ್ಲಿ ಸಂಬಳದ ಒಂದನೆಯ ತಾರೀಖು ಇದೆ. ಶುಲ್ಕ ತಿಂಗಳಿಗೊಮ್ಮೆ ಬರುತ್ತದೆ, ರಾಯಲ್ಟಿಯೂ ತಿಂಗಳಿಗೊಮ್ಮೆ ಹೋಗುತ್ತದೆ. ನಮ್ಮಲ್ಲಿ? ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಡೆ ಹಣದ ಓಡಾಟ ಹೆಚ್ಚಿದೆ, ನಿಜ. ಆದರೆ ಹತ್ತಿ ಬಿಡಿಸಿ ಮಾರಿದಾಗ, ಭತ್ತ ರಾಶಿಯಾದಾಗ, ತೊಗರಿ ಪೇಟೆಗೆ ಹೋದಾಗ ರೈತನ ಕೈಯಲ್ಲಿ ರೊಕ್ಕ. ನಡುವೆ ಮೂರು ತಿಂಗಳು "ಆಮ್ಯಾಲೆ ಒಮ್ಮೆಲೆ ಕೊಡ್ತೀವ್ರಿ" ಎಂಬ ಮಾತು. ನೀರು ಕಾಣದ ಹಳ್ಳಿಗಳಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳು ನಡುವರ್ಷದಲ್ಲಿ ಪಾಠ ಬಿಡುತ್ತಾರೆ. ಮಾರ್ಚಿಯಲ್ಲಿ ಶಾಲೆಯ ಪರೀಕ್ಷೆ. ಮೇ ತಿಂಗಳಲ್ಲಿ ನಮ್ಮ ಬಿಸಿಲಿಗೆ ಮಕ್ಕಳನ್ನು ಸಂಜೆ ಐದಕ್ಕೆ ಮುಂಚೆ ಹೊರಗೆ ಕಳಿಸುವವರಿಲ್ಲ. ಶ್ರಾವಣ ಬಂದರೆ ಭಜನೆಯ ಹುರುಪಿನಲ್ಲಿ ಕೋಣೆ ತುಂಬುತ್ತದೆ. ಹೀಗೆ ಏರಿಳಿಯುವ ಆದಾಯಕ್ಕೆ ಸಮನಾದ ತಿಂಗಳ ಪಾಲನ್ನು ಕಟ್ಟಿಹಾಕುವುದು ಕಷ್ಟ. 'ಕನಿಷ್ಠ ರಾಯಲ್ಟಿ' ಎಂಬ ಕಲಮು ಇದ್ದರಂತೂ ಮಕ್ಕಳಿಲ್ಲದ ತಿಂಗಳಿಗೂ ತೆರಬೇಕಾದೀತು. ಕನಿಷ್ಠ ಎಂಬ ಶಬ್ದ ಕಂಡಲ್ಲಿ ಕೆಳಗೆ ಗೆರೆ ಎಳೆಯಿರಿ.

ಪಠ್ಯದ ವಿಷಯವೂ ಹಾಗೆಯೇ. ನಾನು ಓದಿದ ಪತ್ರದಲ್ಲಿ ಕೀಬೋರ್ಡು, ಗಿಟಾರು, ಡ್ರಮ್ಮು, ಸಿನಿಮಾ ಹಾಡು ಇವುಗಳ ಕ್ರಮವಿತ್ತು. ಮಕ್ಕಳು ಅವನ್ನು ಕಲಿಯಲಿ, ನಾನೇನೂ ಬೇಡವೆನ್ನುವವನಲ್ಲ. ಆದರೆ ಈ ನೆಲ ಎಂಥದು? ತಿಂಥಣಿಯ ಮೌನೇಶ್ವರರು, ಕೊಡೇಕಲ್ಲಿನ ಬಸವಣ್ಣನವರು, ಸುರಪುರದ ಆನಂದದಾಸರು, ಶಹಾಪುರದ ಚರಬಸವೇಶ್ವರರು ಓಡಾಡಿದ ನೆಲ. ಹಳ್ಳಿ ಹಳ್ಳಿಯಲ್ಲಿ ಏಕತಾರಿ, ತಾಳ, ಹಾರ್ಮೋನಿಯಂ ಹಿಡಿದ ಭಜನಾ ಮೇಳಗಳುಂಟು. ಇಲ್ಲಿಯ ತಂದೆ ತಾಯಿ ಮಗನನ್ನು ಸಂಗೀತಕ್ಕೆ ಹಚ್ಚುವಾಗ, ಅವನು ನಾಲ್ಕು ಜನರ ಮುಂದೆ ಒಂದು ವಚನ, ಒಂದು ತತ್ತ್ವಪದ ಹಾಡಲೆಂದು ಬಯಸುತ್ತಾರೆ. ಕರಾರಿನ ಹನ್ನೊಂದನೆಯ ಪುಟದಲ್ಲಿ, ಕಂಪನಿಯ ಪಠ್ಯದಲ್ಲಿಲ್ಲದ ಪಾಠವನ್ನು ಆ ಕೋಣೆಯಲ್ಲಿ ಕಲಿಸಕೂಡದೆಂದು ಬರೆದಿತ್ತು. ತತ್ತ್ವಪದ ಕಲಿಸಿದರೆ ಕರಾರು ಮುರಿದಂತೆ ಎಂದಾಯಿತು!

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1979ರಿಂದ ಒಂದು ನಿಯಮ ಜಾರಿಯಲ್ಲಿದೆ: ಫ್ರಾಂಚೈಸಿ ಮಾರುವವನು ತನ್ನ ಸ್ಥಿತಿಗತಿಗಳನ್ನು ಕೊಳ್ಳುವವನಿಗೆ ಮೊದಲೇ ಬರೆದು ತಿಳಿಸಬೇಕು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಮಾಡಿದ ಕಾಯಿದೆಯಿಲ್ಲ. 1872ರ ಕರಾರು ಕಾಯಿದೆ, 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ ಇಂಥವುಗಳ ಆಧಾರದ ಮೇಲೆಯೇ ಎಲ್ಲ ನಡೆಯಬೇಕು. ಆದುದರಿಂದ ಕೇಳಿ ತಿಳಿದುಕೊಳ್ಳುವ ಹೊಣೆ ಕೊಳ್ಳುವವನ ಮೇಲೆಯೇ ಬೀಳುತ್ತದೆ. ವ್ಯಾಜ್ಯ ಬಂದರೆ ತೀರ್ಮಾನ ಯಾವ ಊರಿನಲ್ಲಿ? ಕರಾರು ಮುಗಿದ ಮೇಲೆ ಅದೇ ಊರಿನಲ್ಲಿ ಸ್ವಂತ ಪಾಠ ಹೇಳಬಹುದೋ ಇಲ್ಲವೋ? ಬದುಕಿನ ಉದ್ಯೋಗವನ್ನೇ ತಡೆಯುವ ಕರಾರು ಊರ್ಜಿತವಲ್ಲವೆಂದು ಕರಾರು ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಆದರೂ ಅದನ್ನು ಸಾಧಿಸಲು ದೂರದ ಊರಿನ ನ್ಯಾಯಾಲಯಕ್ಕೆ ಅಲೆಯಬೇಕಾದರೆ ಗೆದ್ದವನೂ ಸೋತಂತೆಯೇ. ಪಕ್ಕದ ಹಾದಿಯಲ್ಲಿ ಅದೇ ಕಂಪನಿ ಇನ್ನೊಂದು ಶಾಖೆ ಕೊಡಬಹುದೆ? ಕಂಪನಿಯೇ ಮುಚ್ಚಿದರೆ, ಮಕ್ಕಳು ಮುಂಗಡವಾಗಿ ಕೊಟ್ಟ ಶುಲ್ಕಕ್ಕೆ ಯಾರು ಹೊಣೆ?

ಈ ಕಡೆಯ ಪ್ರಶ್ನೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಕೆಲಸದಲ್ಲಿದ್ದ ಊರಿನಲ್ಲಿ, ದೂರದ ನಗರದ ಸಂಸ್ಥೆಯೊಂದು ಸಂಗೀತ ತರಗತಿಯ ಶಾಖೆ ತೆರೆಯಿತು. ಹಿರಿಯರೆಂದು ನನ್ನನ್ನು ಗೌರವಾಧ್ಯಕ್ಷನನ್ನಾಗಿ ಮಾಡಿದರು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಯಿತು. ನಾನು ಹಿಗ್ಗಿದೆನೆಂದು ಒಪ್ಪಿಕೊಳ್ಳಲೇಬೇಕು. ಕರಾರು ಏನು, ಹಣ ಎಲ್ಲಿಗೆ ಹೋಗುತ್ತದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. "ಸರ್ ಅದಾರಲ್ಲ" ಎಂದು ಪಾಲಕರು ಇಡೀ ವರ್ಷದ ಶುಲ್ಕವನ್ನು ಒಮ್ಮೆಲೆ ಕಟ್ಟಿದರು. ಎಂಟನೆಯ ತಿಂಗಳಿಗೆ ತರಗತಿ ನಿಂತಿತು. ವಾದ್ಯಗಳನ್ನು ಒಂದು ರಾತ್ರಿ ಟೆಂಪೋದಲ್ಲಿ ಹೇರಿಕೊಂಡು ಹೋದರು. ಬೋರ್ಡು ಮಾತ್ರ ಬಹಳ ದಿನ ಅಲ್ಲಿಯೇ ನೇತಾಡುತ್ತಿತ್ತು. ಪಾಲಕರು ಬಂದದ್ದು ನನ್ನ ಮನೆಯ ಬಾಗಿಲಿಗೆ. ಬೇರೆಲ್ಲಿಗೆ ಬರಬೇಕಿತ್ತು ಅವರು?

ಅಲ್ಲಿ ಹಾಡುಗಾರಿಕೆ ಕಲಿಸುತ್ತಿದ್ದವರು ಕಣ್ಣಿಲ್ಲದ ಒಬ್ಬ ಗವಾಯಿಗಳು. ಅವರ ಮೂರು ತಿಂಗಳ ಸಂಬಳ ಬಾಕಿ ಉಳಿದಿತ್ತು. ಅವರೂ ಒಂದು ಮುಂಜಾನೆ ಹುಡುಗನೊಬ್ಬನ ಹೆಗಲು ಹಿಡಿದು ಬಂದರು. ಸಂಬಳದ ಮಾತೆತ್ತುವರೆಂದು ನಾನು ತಲೆ ತಗ್ಗಿಸಿ ಕುಳಿತಿದ್ದೆ. ಅವರು ಕೇಳಿದ್ದು ಇಷ್ಟೆ: "ಸರ್, ಹುಡುಗರದು ಭೂಪ ಅರ್ಧಕ್ಕ ನಿಂತದ. ಮುಗಿಸ್ಲಾಕ ಎಲ್ಲ್ಯಾರ ಒಂದು ಜಾಗ ನೋಡ್ರಿ." ಹನುಮಂತ ದೇವರ ಗುಡಿಯ ಪೌಳಿಯಲ್ಲಿ ಜಾಗ ದೊರಕಿತು. ಹದಿನಾಲ್ಕು ಮಕ್ಕಳು ಅಲ್ಲಿ ಭೂಪ ರಾಗವನ್ನು ಮುಗಿಸಿದರು. ಆಮೇಲೆಯೂ ಕೆಲವರು ಮುಂದುವರಿದರು. ಅವರ ಬಾಕಿಯಲ್ಲಿ ಒಂದು ತಿಂಗಳಿನದನ್ನು ನಾನು ಕೊಟ್ಟೆ. ಉಳಿದ ಎರಡು ತಿಂಗಳಿನದನ್ನು ಕೊಡುತ್ತೇನೆಂದೆ; ಮನೆಕಟ್ಟುವ ಸಾಲವಿತ್ತು, ಮುಂದೂಡಿದೆ. ಅಷ್ಟರಲ್ಲಿ ಅವರು ಊರು ಬಿಟ್ಟರು. ಕೆಲವು ವರ್ಷಗಳ ಮೇಲೆ ತೀರಿಕೊಂಡರೆಂದು ಕೇಳಿದೆ. ಹೆಸರನ್ನು ಬಾಡಿಗೆಗೆ ಕೊಡುವವರು ನಗರದ ಕಂಪನಿಗಳು ಮಾತ್ರವಲ್ಲ, ನನ್ನಂಥವರೂ ಕೊಡುತ್ತೇವೆ. ನಾನು ಬಾಡಿಗೆ ಪಡೆಯಲಿಲ್ಲವೆಂಬುದು ಸಮಾಧಾನವಲ್ಲ. ನನ್ನ ಹೆಸರನ್ನು ನಂಬಿ ಜನ ಹಣ ಕಟ್ಟಿದ್ದರು.

ಅದಕ್ಕಾಗಿಯೇ ಈ ಸಲ ನಲವತ್ತು ಪುಟಗಳನ್ನೂ ಬಿಡದೆ ಓದಿದ್ದು. ಅವುಗಳಲ್ಲಿ 'ಬ್ರಾಂಡ್' ಎಂಬ ಶಬ್ದ ಪುಟ ಪುಟಕ್ಕೂ ಬರುತ್ತದೆ. ಶಿಕ್ಷಕನ ಪ್ರಸ್ತಾಪ ಬರುವುದು ಎರಡೇ ಕಡೆ: ಅವನು ಕಂಪನಿಯ ಅಂಗಿ ತೊಡಬೇಕು ಎಂಬಲ್ಲಿ, ಮತ್ತು ಅವನು ಬಿಟ್ಟುಹೋದರೆ ಮಾಲಿಕನೇ ಬೇರೊಬ್ಬನನ್ನು ಹುಡುಕಿಕೊಳ್ಳಬೇಕು ಎಂಬಲ್ಲಿ. ಪಲುಸ್ಕರರ ಉಪದೇಶಕ ವರ್ಗವನ್ನು ನೆನಪಿನಲ್ಲಿಡಿ ಎಂದೆನಲ್ಲ, ಅದು ಈ ಕಾರಣಕ್ಕೆ. ಶಾಖೆ ಕೊಡುವವರು ಶಿಕ್ಷಕನನ್ನೂ ತಯಾರಿಸಿ ಕೊಡುವರೇ, ಅವನು ಕಲಿಯುತ್ತಲೇ ಇರುವಂತೆ ನೋಡಿಕೊಳ್ಳುವರೇ? ಹಾಗಿದ್ದರೆ ಅವರಿಗೆ ಪಾಲು ಕೊಡುವುದರಲ್ಲಿ ಅರ್ಥವಿದೆ. ಬರಿಯ ಹೆಸರನ್ನೂ ಅಂಗಿಯನ್ನೂ ಕೊಡುವರೇ? ಹಾಗಾದರೆ ಅಷ್ಟಕ್ಕೆ ತಕ್ಕ ಬೆಲೆಯನ್ನು ಮಾತ್ರ ಕೊಡಬೇಕು.

ನನ್ನ ವಿದ್ಯಾರ್ಥಿಗೆ ನಾನು 'ಬೇಡ' ಎನ್ನಲಿಲ್ಲ. ನೆಲ ಅವನ ತಂದೆಯದು, ಬದುಕು ಅವನದು. ನಾಲ್ಕು ಮಾತು ಹೇಳಿದೆ. ಒಂದು: ಈಗಾಗಲೇ ಆ ಕಂಪನಿಯ ಶಾಖೆ ನಡೆಸುತ್ತಿರುವ ಮೂವರನ್ನು, ಅದರಲ್ಲೂ ಮುಚ್ಚಿದವನೊಬ್ಬನಿದ್ದರೆ ಅವನನ್ನು, ಹೋಗಿ ಕಂಡು ಬಾ. ಎರಡು: ರಾಯಲ್ಟಿಯನ್ನು ಸುಗ್ಗಿಗೆ ಹೊಂದುವಂತೆ ವರ್ಷಕ್ಕೆರಡು ಬಾರಿ ಕಟ್ಟಲು, ಹಾಗೆಯೇ ನಮ್ಮ ಪದಗಳನ್ನು ಕಲಿಸಲು ಒಪ್ಪುವರೇ ಎಂದು ಬರಹದಲ್ಲಿ ಕೇಳು. ಮೂರು: ಯಾರ ಹೆಸರಿನಲ್ಲಿ ನಡೆಸಿದರೂ ವರ್ಷದ ಶುಲ್ಕವನ್ನು ಒಮ್ಮೆಲೆ ಪಡೆಯಬೇಡ; ಪಡೆದರೆ ಮುಂದಿನ ತಿಂಗಳುಗಳದ್ದನ್ನು ಬ್ಯಾಂಕಿನಲ್ಲಿ ಬೇರೆಯಾಗಿಡು, ಅದು ನಿನ್ನದಲ್ಲ. ನಾಲ್ಕು: ಶುಲ್ಕ ಬಂದ ದಿನ ಮೊದಲು ಶಿಕ್ಷಕನ ಸಂಬಳ ತೆಗೆದಿಡು, ಬಾಡಿಗೆ ಆಮೇಲೆ, ರಾಯಲ್ಟಿ ಅದರ ಆಮೇಲೆ, ನಿನ್ನದು ಕಡೆಗೆ. ಈ ಕ್ರಮ ತಪ್ಪದೆ ನಡೆಸಲು ಹಣ ಸಾಲದೆಂದು ಲೆಕ್ಕ ಹೇಳಿದರೆ, ಆ ಶಾಲೆಯನ್ನು ತೆರೆಯುವ ಕಾಲ ಇನ್ನೂ ಬಂದಿಲ್ಲವೆಂದು ತಿಳಿ.

ದಸರೆ ಕಳೆದ ಮೇಲೆ ಅವನು ಮತ್ತೆ ಬಂದನು. ಕಂಪನಿಯವರು ಪದಗಳನ್ನು ಕಲಿಸಲು ಒಪ್ಪಿದ್ದರು; ಸುಗ್ಗಿಯ ಕಂತಿಗೆ ಒಪ್ಪಿರಲಿಲ್ಲ. ಮುಚ್ಚಿದವನೊಬ್ಬನು ಸಿಕ್ಕಿ ಎರಡು ತಾಸು ಮಾತಾಡಿದನಂತೆ. ಹೊಲ ಮಾರುವುದನ್ನು ಒಂದು ವರ್ಷ ಮುಂದೂಡಿದ್ದೇನೆ ಎಂದನು. ಸುರಪುರದಲ್ಲಿ ಕೋಣೆಯೊಂದನ್ನು ಹಿಡಿದು, ತಬಲ ಕಲಿಸುವ ಒಬ್ಬರನ್ನು ಜೊತೆಗೆ ಕರೆದುಕೊಂಡು, ಮಕ್ಕಳನ್ನು ಪ್ರಾರಂಭಿಕ ಪರೀಕ್ಷೆಗೆ ಕೂರಿಸುವ ಯೋಚನೆ. ಎಷ್ಟು ಮಕ್ಕಳು ಬರುತ್ತಿದ್ದಾರೆ ಎಂದು ಕೇಳಿದೆ. "ಹನ್ನೊಂದು ಮಂದಿ ಬರ್ತಾರ್ರಿ. ನಲವತ್ತೇಳಕ್ಕ ಇನ್ನೂ ಮೂವತ್ತಾರು ಬೇಕು" ಎಂದು ನಕ್ಕನು. ಲೆಕ್ಕವನ್ನು ಮರೆತಿರಲಿಲ್ಲ.

ಬೋರ್ಡು ಇನ್ನೂ ಬರೆಸಿಲ್ಲವಂತ. ಉದ್ಘಾಟನೆಗೆ ನೀವೇ ಅಧ್ಯಕ್ಷರಾಗಬೇಕು ಎಂದು ಕೇಳಿದನು. ಅಧ್ಯಕ್ಷತೆ ಬೇಡ, ತಿಂಗಳಿಗೊಮ್ಮೆ ಬಂದು ಲೆಕ್ಕದ ಪುಸ್ತಕ ನೋಡುತ್ತೇನೆ, ಮೊದಲ ಪುಟದಲ್ಲಿ ತಬಲ ಮಾಸ್ತರರ ಸಂಬಳ ಬರೆದಿಡು ಎಂದೆ. ಹೋದ ತಿಂಗಳು ಹೋಗಿ ನೋಡಿದೆ. ಬರೆದಿಟ್ಟಿದ್ದನು, ಕೊಟ್ಟ ತಾರೀಖೂ ಇತ್ತು, ಅವರ ಸಹಿಯೂ ಇತ್ತು.